ಕೊಂಬಿನ ಗೊಬ್ಬರಕ್ಕೆ ಎಷ್ಟು ಕೊಳಗ?

ಹಸುವಿನ ತಲೆ ಮೇಲೆ ಹುಟ್ಟಿತು. ಮಣ್ಣಿನ ಹೊಟ್ಟೆಯಲ್ಲಿ ಐದು ತಿಂಗಳು ಮಲಗಿತು. ನೀರಿನ ಸುಳಿಯಲ್ಲಿ ಕುಣಿಯಿತು. ಹೊಲಕ್ಕೆ ಹನಿಯಾಗಿ ಬಿತ್ತು. ಎಷ್ಟು?

ಕೊಂಬು ಅಂತೀರಾ? ಏನು ಅಂತ ಕೇಳಿದ್ದು ಯಾರು ಸ್ವಾಮಿ? ಎಷ್ಟು ಅಂತ ಕೇಳಿದ್ದು. ರಾಗಿ ಅಳೆಯೋ ಕೊಳಗದಲ್ಲಿ ಎಷ್ಟು ಕೊಳಗ? ಬರಲಿಲ್ಲ ಅಲ್ವಾ? ತಲೆ ಕೆರ್ಕೊಂಡು ಕೂತಿರಿ. ನಾನು ಕತೆ ಹೇಳ್ತಾ ಇರ್ತೀನಿ.

ಒಂದೂರು. ಊರ ಮುಂದೆ ಕೆರೆ, ಕೆರೆ ಹಿಂದೆ ಗುಡ್ಡ. ಆ ಊರಲ್ಲಿ ರಾಚಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಅವಳಿಗಿದ್ದದ್ದು ಮೂವತ್ತು ಗುಂಟೆ ಹೊಲ, ಕೆಂದಿ ಅನ್ನೋ ಹಸು, ಮುದ್ದುಮಾದ ಅನ್ನೋ ಮಗ. ಹೊಲ ಅವಳ ಮಾತು ಕೇಳುತ್ತಿರಲಿಲ್ಲ. ಹಸು ಅರ್ಧ ಕೇಳುತ್ತಿತ್ತು. ಮಗ ಪೂರ್ತಿ ಕೇಳುತ್ತಿದ್ದ. ಅದೇ ಅವಳ ಕಷ್ಟ.

ಮುದ್ದನಿಗೆ ಇಪ್ಪತ್ತೆರಡು ವರ್ಷ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಹಾಲು ಉಕ್ಕೋದು ನೋಡ್ತಿರು ಕಂದ" ಅಂದರೆ, ಹಾಲು ಉಕ್ಕಿ, ಹರಿದು, ಒಲೆ ಆರಿ ತಣ್ಣಗಾಗುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆಮೇಲೆ ಬಂದು "ಚೆನ್ನಾಗಿ ಉಕ್ಕಿತು ಅವ್ವಾ" ಅನ್ನುತ್ತಿದ್ದ.

"ಅಯ್ಯೋ ನನ್ನ ಹಣೆಬರವೇ!" ಅನ್ನುತ್ತಿದ್ದಳು ರಾಚಮ್ಮ.

"ನೀನೇ ಹೇಳಿದ್ದಲ್ವಾ ಅವ್ವಾ?" ಅನ್ನುತ್ತಿದ್ದ ಮುದ್ದ.

ಪಕ್ಕದ ಹೊಲ ನಾಗಶೆಟ್ಟಿಯದು. ರಾಚಮ್ಮನ ಗಂಡನ ತಮ್ಮ, ಮುದ್ದನಿಗೆ ಚಿಕ್ಕಪ್ಪ. ಎರಡು ಹೊಲಕ್ಕೂ ನಡುವೆ ಒಂದೇ ಬದು. ಈ ಕಡೆ ಮೂವತ್ತು ಗುಂಟೆ, ಆ ಕಡೆ ಮೂವತ್ತು ಗುಂಟೆ. ದೀಪಾವಳಿ ಹತ್ತಿರ ಬಂದಾಗ ಒಂದು ದಿನ ನಾಗಶೆಟ್ಟಿ ಬದುವಿನ ಮೇಲೆ ನಿಂತು ಮೀಸೆ ತೀಡಿದ.

"ಅತ್ತಿಗೆ, ನಿನ್ನ ಮಗನ ಕೈಲಿ ಬೇಸಾಯ ಆಗೋ ಮಾತಲ್ಲ. ಈ ಹೊಲಾನೂ ನಾನೇ ಉಳ್ತೀನಿ. ನೀನು ಕಳೆ ಕೀಳೋಕೆ ಬಾ. ಬಂದ ರಾಗೀಲಿ ಕಾಲು ಪಾಲು ಕೊಡ್ತೀನಿ."

"ನನ್ನ ಹೊಲಕ್ಕೆ ನಾನೇ ಕೂಲಿಯಾ?"

"ಹಂಗಾದ್ರೆ ಪಂಥ! ಬರೋ ಮುಂಗಾರಿಗೆ ಇಬ್ಬರೂ ಒಂದೇ ಬೀಜ, ಒಂದೇ ದಿನ ಬಿತ್ತೋಣ. ಊರ ಯಜಮಾನ್ರ ಮುಂದೆ ಕಣದಲ್ಲಿ ಅಳೆಯೋಣ. ನಿಂದು ಹೆಚ್ಚು ಬಂದ್ರೆ ನಾನು ಈ ಬದು ದಾಟಲ್ಲ. ನಂದು ಹೆಚ್ಚು ಬಂದ್ರೆ ನಿನ್ನ ಹೊಲ ನಾನು ಉಳೋದು. ಇರೋವರೆಗೂ!"

"ಆಗಲಿ ಹೋಗು" ಅಂದುಬಿಟ್ಟಳು ರಾಚಮ್ಮ, ರೋಷಕ್ಕೆ. ಅಂದ ಮೇಲೆ ಲೆಕ್ಕ ಹಾಕಿದಳು. ನಾಗಶೆಟ್ಟಿಗೆ ಜೋಡಿ ಎತ್ತು, ಚೀಲಗಟ್ಟಲೆ ಗೊಬ್ಬರ. ಅವಳಿಗೆ ಕೆಂದಿ ಮತ್ತು ಮುದ್ದ.

ಆ ಊರಲ್ಲಿ ಶ್ರೀಕಂಠ ಮೇಷ್ಟ್ರು ಅಂತ ಒಬ್ಬರಿದ್ದರು. ರಿಟೈರಾದ ಮೇಲೆ ಎಲ್ಲೋ ಹದಿನೈದು ದಿನ ಟ್ರೇನಿಂಗಿಗೆ ಹೋಗಿ ಬಯೋಡೈನಮಿಕ್ ಕೃಷಿ ಕಲಿತು ಬಂದಿದ್ದರು. ಆ ಹೆಸರಿಗೆ ಊರಿನವರ ನಾಲಿಗೆ ಹೊರಳಲಿಲ್ಲ. ಕೊಂಬಿನ ಮೇಷ್ಟ್ರು ಅಂತ ಕರೆದು ಸುಮ್ಮನಾದರು. ರಾಚಮ್ಮ ಮಗನನ್ನೂ ಕರೆದುಕೊಂಡು ಅವರ ಜಗಲಿಗೆ ಹೋದಳು.

"ಹೆದರಬೇಡಿ ರಾಚಮ್ಮ" ಅಂದರು ಮೇಷ್ಟ್ರು. "ನಾಗಶೆಟ್ಟಿ ಚೀಲ ಚೀಲ ಸುರಿಯಲಿ. ನಿಮಗೆ ಒಂದು ಹಿಡಿ ಸಾಕು! ಕೊಂಬಿಗೆ ಸಗಣಿ ತುಂಬಿ ದೀಪಾವಳಿಗೆ ಹೂಳಿ, ಯುಗಾದಿಗೆ ತೆಗೀರಿ. ಆ ಗೊಬ್ಬರ ಒಂದು ಹಿಡಿ, ಒಂದು ಡ್ರಮ್ ನೀರು. ಹೊಲ ಎದ್ದು ಕೂರುತ್ತೆ!"

"ರಾಗಿ ಹೆಚ್ಚು ಬರುತ್ತಾ ಮೇಷ್ಟ್ರೇ?"

"ಬರುತ್ತೆ ಅಂತ ಟ್ರೇನಿಂಗಲ್ಲಿ ಹೇಳಿದ್ದಾರೆ. ಎಷ್ಟು ಹೆಚ್ಚು ಅಂತ ಬರ್ಕೊಳ್ಳೋಕೆ ನಾನೂ ಕಾಯ್ತಾ ಇದ್ದೀನಿ. ಒಂದು ಹೊಲಕ್ಕೆ ಕೊಂಬು, ಪಕ್ಕದ ಹೊಲಕ್ಕೆ ಚೀಲ. ಇಂಥಾ ಪರೀಕ್ಷೆ ಎಲ್ಲಿ ಸಿಗುತ್ತೆ!" ಅಂದು ಹೊಸ ನೋಟ್‌ಬುಕ್ ತೆಗೆದು ಗೆರೆ ಎಳೆದೇ ಬಿಟ್ಟರು. ಆಮೇಲೆ ಮುದ್ದನ ಕಡೆ ತಿರುಗಿದರು. "ನೋಡಪ್ಪಾ, ಕರು ಹಾಕಿದ ಹಸುವಿನ ಕೊಂಬೇ ಆಗಬೇಕು, ಎತ್ತಿಂದು ಬೇಡ. ಕೊಂಬಿಗೆ ಸಗಣಿ ಮೆತ್ತು. ಮೊಣಕಾಲುದ್ದ ಗುಂಡಿ ತೋಡು. ಇಟ್ಟು ಮಣ್ಣು ಮುಚ್ಚು."

"ಮೇಷ್ಟ್ರು ಹೇಳಿದಂಗೇ ಮಾಡು ಕಂದ" ಅಂದಳು ರಾಚಮ್ಮ, ಹುಲ್ಲು ಕೊಯ್ಯೋಕೆ ಹೊರಟಳು.

ಮುದ್ದ ಮಾಡಿದ. ಹೇಳಿದಂತೆಯೇ ಮಾಡಿದ.

ಕರು ಹಾಕಿದ ಹಸು ಯಾವುದು? ಕೆಂದಿ! ಕೊಂಬು ಎಲ್ಲಿದೆ? ಕೆಂದಿ ತಲೆ ಮೇಲಿದೆ! ಎರಡು ಕೊಂಬಿಗೂ ಸಗಣಿ ಮೆತ್ತಿದ. ಕೊಟ್ಟಿಗೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿದ. ಹಸು ತಲೆ ಒಳಗಿಡಬೇಕಲ್ಲ? ಅದಕ್ಕೂ ಬುದ್ಧಿ ಓಡಿಸಿ ಗುಂಡಿ ತಳದಲ್ಲಿ ಬೂಸಾ ಸುರಿದ. ಕೆಂದಿ ತಲೆ ಬಗ್ಗಿಸಿತು. ಮುದ್ದ ಮಣ್ಣು ಎಳೆಯತೊಡಗಿದ. ಕೆಂದಿ ಸೀನಿತು. ಮುದ್ದ ಬೆನ್ನು ಸವರಿದ.

ಹುಲ್ಲಿನ ಹೊರೆ ಹೊತ್ತು ಬಂದ ರಾಚಮ್ಮ ಹೊರೆ ಅಲ್ಲೇ ಬಿಸಾಕಿದಳು.

"ಲೋ! ಲೋ! ಏನೋ ಮಾಡ್ತಿದ್ದೀಯಾ?"

"ಕೊಂಬು ಹೂಳ್ತಿದ್ದೀನಿ ಅವ್ವಾ."

"ಅದರ ತುದೀಲಿ ಹಸು ಇದೆಯಲ್ಲೋ!"

"ಹಸು ಹೂಳು ಅಂತ ಮೇಷ್ಟ್ರು ಹೇಳಿಲ್ಲ. ಕೊಂಬು ಮಾತ್ರ ಹೂಳ್ತೀನಿ. ಯುಗಾದಿವರೆಗೂ ಹಿಂಗೇ ನಿಂತಿರು ಅಂತ ಇದಕ್ಕೂ ಹೇಳಿದ್ದೀನಿ."

"ಅಯ್ಯೋ ನನ್ನ ಹಣೆಬರವೇ! ಜೀವ ಇರೋದನ್ನ ಯಾರಾದ್ರೂ ಹೂಳ್ತಾರೇನೋ? ಮೊದಲು ಮುಟ್ಟಿ ನೋಡು. ಕೂಗಿ ನೋಡು. ಮಿಸುಕದೆ ಬಿದ್ದಿದ್ರೆ ಮಾತ್ರ ಮುಚ್ಚು!"

"ಆಗಲಿ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಮೇಷ್ಟ್ರೇ ಎಲ್ಲಿಂದಲೋ ಸತ್ತ ಹಸುಗಳ ಐದು ಕೊಂಬು ತಂದುಕೊಟ್ಟರು. ಒಳಗೆ ಟೊಳ್ಳು, ಚೆನ್ನಾಗಿ ಸಗಣಿ ಹಿಡಿಯಿತು. ರಾಚಮ್ಮನೇ ತುಂಬಿದಳು, ರಾಚಮ್ಮನೇ ಹೂತಳು. ಮುದ್ದನನ್ನು ಗುಂಡಿ ಹತ್ತಿರ ಬಿಡಲಿಲ್ಲ.

ಆದರೆ ಸುಮ್ಮನೆ ಕೂರಿಸೋಕಾಗುತ್ತಾ? ತಿಪ್ಪೆ ಕೆಲಸ ಇತ್ತಲ್ಲ. "ಹೊಲದಲ್ಲಿ ಬಿದ್ದಿರೋ ಕಸಕಡ್ಡಿ ಮೇಲೆಲ್ಲ ಹಸಿ ಸೊಪ್ಪು ಹಾಕಿ, ಸಗಣಿ ಬಗ್ಗಡ ಸುರಿದು, ಮಣ್ಣು ಮುಚ್ಚಿ ಗುಡ್ಡೆ ಮಾಡಬೇಕು" ಅಂದಿದ್ದರು ಮೇಷ್ಟ್ರು. ಮುದ್ದ ಹೋದ. ಕಡ್ಡಿ ಮುಟ್ಟಿ ನೋಡಿದ, "ಲೋ ಕಡ್ಡೀ!" ಅಂತ ಕೂಗಿ ನೋಡಿದ, ಮಿಸುಕಲಿಲ್ಲ, ಮುಚ್ಚಿದ. ಎಲೆ ಮುಟ್ಟಿ ನೋಡಿದ, ಕೂಗಿ ನೋಡಿದ, ಮುಚ್ಚಿದ. ಹಂಗೇ ಮುಟ್ಟುತ್ತಾ, ಕೂಗುತ್ತಾ, ಮುಚ್ಚುತ್ತಾ ಹೊಂಗೆ ಮರದ ಬುಡಕ್ಕೆ ಬಂದ.

ಅಲ್ಲಿ ಚಿಕ್ಕಪ್ಪ ನಾಗಶೆಟ್ಟಿ ಮಧ್ಯಾಹ್ನದ ಊಟ ಹೊಡೆದು, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ. ಹಬ್ಬದ ಹೋಳಿಗೆ ಎಂಟು ಇಳಿದಿತ್ತು ಒಳಗೆ.

ಮುದ್ದ ಮುಟ್ಟಿ ನೋಡಿದ. ಮಿಸುಕಲಿಲ್ಲ. "ಚಿಕ್ಕಪ್ಪಾ!" ಕೂಗಿ ನೋಡಿದ. ಮಿಸುಕಲಿಲ್ಲ. ಮುದ್ದನಿಗೆ ಅಳು ಬಂದುಬಿಟ್ಟಿತು. ನಿನ್ನೆ ತಾನೇ ಬೈದಿದ್ದ ಚಿಕ್ಕಪ್ಪ! ಇವತ್ತು ಹಿಂಗೆ! ಅಳುತ್ತಲೇ ಸೊಪ್ಪು ಹಾಕಿದ. ಅಳುತ್ತಲೇ ಬಗ್ಗಡ ಸುರಿದ. ಒಂದು ಬಕೆಟ್ ಕಾಲಿಗೆ, ಒಂದು ಬಕೆಟ್ ಹೊಟ್ಟೆಗೆ. ಮೂರನೇದು ಮುಖಕ್ಕೆ ಸುರಿದಾಗ ಗುಡ್ಡೆ ಎದ್ದು ನಿಂತಿತು. ಗುಡ್ಡೆಗೆ ಮೀಸೆ ಇತ್ತು.

"ಅತ್ತಿಗೇ!" ಅಂತ ಕೂಗಿಕೊಂಡು ಗುಡ್ಡೆ ಊರೊಳಗೆ ಓಡಿತು. "ಅತ್ತಿಗೇ! ಪಂಥ ಗೆಲ್ಲೋಕೆ ನನ್ನನ್ನೇ ಗೊಬ್ಬರ ಮಾಡ್ತಿದ್ದೀರಾ?"

ರಾಚಮ್ಮ ಎರಡು ಹಂಡೆ ಬಿಸಿನೀರು ಕಾಯಿಸಿ ಮೈದುನನನ್ನು ಹೊರಗೆ ತೆಗೆದಳು. ಆಮೇಲೆ ಮಗನ ಕಿವಿ ಹಿಂಡಿದಳು.

"ದೊಡ್ಡೋರು ಚಿಕ್ಕೋರು ಗೊತ್ತಿಲ್ವೇನೋ? ಚಿಕ್ಕಪ್ಪ ಅಂದ್ರೆ ಅಪ್ಪನ ಸಮಾನ. ಮರ್ಯಾದೆ ಕಲಿ! ಇನ್ಮೇಲೆ ನಮ್ಮನೇಲಿ ಏನೇ ಮಾಡಿದ್ರೂ ಮೊದಲು ಚಿಕ್ಕಪ್ಪನಿಗೆ ಕೊಟ್ಟು ಆಮೇಲೆ ನಮಗೆ. ತಿಳೀತಾ?"

"ತಿಳೀತು ಅವ್ವಾ. ಮೊದಲು ಚಿಕ್ಕಪ್ಪನಿಗೆ."

ಚಳಿಗಾಲ ಹೋಯಿತು. ಯುಗಾದಿ ಬಂತು. ಕೊಂಬು ತೆಗೆದರು. ಒಳಗೆ ಹಾಕಿದ ಸಗಣಿ ಸಗಣಿಯಾಗಿ ಉಳಿದಿರಲಿಲ್ಲ. ಕಪ್ಪಗೆ, ಉದುರುದುರು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ.

"ಅವ್ವಾ, ನಾವು ಇಟ್ಟಿದ್ದು ಸಗಣಿ. ಕಾಫಿಪುಡಿ ಯಾರು ತುಂಬಿದ್ರು?" ಅಂದ ಮುದ್ದ. ಅವನಿಗೆ ಐದು ತಿಂಗಳಿಂದ ಇದ್ದ ಗೊಂದಲ ಇನ್ನೂ ಹೆಚ್ಚಾಯಿತು.

ಮೇಷ್ಟ್ರು ಗೊಬ್ಬರವನ್ನು ಎರಡು ಹಿಡಿ ಮಾಡಿ ಮಣ್ಣಿನ ಗಡಿಗೆಯಲ್ಲಿ ಮುಚ್ಚಿಟ್ಟರು. ಮುಂಗಾರು ಹನಿದು, ಎರಡು ಹೊಲಗಳೂ ಉತ್ತು ಹದವಾದ ಮೇಲೆ, ಒಂದು ಹಿಡಿಯನ್ನು ಡ್ರಮ್ಮಿನ ನೀರಿಗೆ ಹಾಕಿ, ಮುದ್ದನ ಕೈಗೆ ಕೋಲು ಕೊಟ್ಟರು.

"ಒಂದು ಗಂಟೆ ಹೊತ್ತು ಬಿಡಬಾರದು. ಮೊದಲು ಬಲಕ್ಕೆ ಸುತ್ತು. ಜೋರಾಗಿ! ನಡುವೆ ಸುಳಿ ಬರಬೇಕು. ಬಂತೋ, ತಟ್ಟನೆ ಎಡಕ್ಕೆ ಸುತ್ತು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ."

ಮುದ್ದ ಮಾಡಿದ. ಹೇಳಿದಂತೆಯೇ ಮಾಡಿದ. ಕೋಲು ಹೆಗಲ ಮೇಲಿಟ್ಟುಕೊಂಡು ಡ್ರಮ್ಮಿನ ಸುತ್ತ ಬಲಕ್ಕೆ ಓಡಿದ. ತಟ್ಟನೆ ತಿರುಗಿ ಎಡಕ್ಕೆ ಓಡಿದ. ಬಲಕ್ಕೆ! ಎಡಕ್ಕೆ! ಬಲಕ್ಕೆ! ಎಡಕ್ಕೆ! ಡ್ರಮ್ಮಿನ ನೀರು ಮಿಸುಕಲಿಲ್ಲ. ಊರು ತಿರುಗತೊಡಗಿತು. ಗುಡ್ಡ ಕೆರೆಯೊಳಗೆ ಹೋಯಿತು, ಕೆರೆ ಗುಡ್ಡದ ಮೇಲೆ ಹತ್ತಿತು, ಒಂದು ಕೆಂದಿ ಮೂರು ಕೆಂದಿ ಆಯಿತು. ಮೂರರಲ್ಲಿ ನಡುವಿನ ಕೆಂದಿಯ ಕೊರಳು ಹಿಡಿದುಕೊಂಡು ಮುದ್ದ ಧಡ್ ಅಂತ ಬಿದ್ದ.

"ಸುಳಿ ಬಂತು ಅವ್ವಾ" ಅಂದ, ನೆಲದ ಮೇಲಿಂದ. "ತಲೆ ಒಳಗೆ."

"ಅಯ್ಯೋ ನನ್ನ ಹಣೆಬರವೇ! ಸುತ್ತಬೇಕಾದ್ದು ನೀನಲ್ಲ ಕಣೋ, ನೀರು! ಮನೇಲಿ ನಾನು ಮುದ್ದೆ ತಿರುವೋದು ದಿನಾ ನೋಡ್ತೀಯಲ್ಲ? ಮುದ್ದೆ ತಿರುವೋ ಹಂಗೆ ತಿರುವು!"

"ಹಂಗನ್ನು ಮತ್ತೆ! ಮುದ್ದೆ ತಿರುವೋದು ನಂಗೆ ಗೊತ್ತು."

ರಾಚಮ್ಮ ಬೀಜದ ರಾಗಿ ಕೇರೋಕೆ ಒಳಗೆ ಹೋದಳು. ಮುದ್ದ ಡ್ರಮ್ಮಿನ ನೀರನ್ನು ಹಂಡೆಗೆ ಬಗ್ಗಿಸಿದ. ಒಲೆ ಹಚ್ಚಿದ. ನೀರು ಮರಳಿತು. ಹಿಟ್ಟಿನ ಡಬ್ಬ ತಂದು ಇದ್ದಷ್ಟೂ ರಾಗಿಹಿಟ್ಟು ಸುರಿದ. ಹಂಡೆಯನ್ನು ಎರಡು ಪಾದದಲ್ಲಿ ಒತ್ತಿ ಹಿಡಿದು, ಮುದ್ದೆಕೋಲು ಹಾಕಿ ಬಲಕ್ಕೆ ತಿರುವಿದ, ಎಡಕ್ಕೆ ತಿರುವಿದ, ಬಲಕ್ಕೆ, ಎಡಕ್ಕೆ. ಒಂದು ಗಂಟು ಇಲ್ಲ! ಒದ್ದೆ ಕೈಯಲ್ಲಿ ಕಟ್ಟಿದರೆ ಅರವತ್ತು ಮುದ್ದೆ, ಒಂದೊಂದೂ ತೆಂಗಿನಕಾಯಿ ಗಾತ್ರ.

ಈಗ ಏನು ಮಾಡಬೇಕು? ನೆನಪಾಯಿತು. ಏನೇ ಮಾಡಿದ್ರೂ ಮೊದಲು ಚಿಕ್ಕಪ್ಪನಿಗೆ!

ನಾಗಶೆಟ್ಟಿ ಹೊಲದಿಂದ ಹಸಿದು ಬಂದಿದ್ದ. ಮುದ್ದ ಮೂರು ಮುದ್ದೆ ಹೊತ್ತು ಅವನ ಮನೆಗೆ ಹೋಗಿ, ಎರಡನ್ನು ತಟ್ಟೆಗಿಟ್ಟ. ನಾಗಶೆಟ್ಟಿ ಸೊಪ್ಪಿನ ಸಾರಲ್ಲಿ ಅದ್ದಿ, ಗುಳುಂ, ಗುಳುಂ. "ಅತ್ತಿಗೆ ಇಷ್ಟು ಘಮ್ಮನೆ ಮುದ್ದೆ ಯಾವತ್ತೂ ಮಾಡಿರಲಿಲ್ಲ ಕಣ್ಲಾ. ಇನ್ನೊಂದು ಹಾಕು." ಮೂರಾಯಿತು. ಅಷ್ಟೊತ್ತಿಗೆ ಹಿಂದೆ ಮೇಷ್ಟ್ರು, ಅವರ ಹಿಂದೆ ರಾಚಮ್ಮ, ಏದುಸಿರು ಬಿಡುತ್ತಾ ಬಂದರು.

"ಡ್ರಮ್ ಖಾಲಿ ಇದೆಯಲ್ಲೋ! ಗೊಬ್ಬರದ ನೀರು ಎಲ್ಲಿ?" ಅಂದರು ಮೇಷ್ಟ್ರು.

"ಮೂರು ಮುದ್ದೆಯಷ್ಟು ಚಿಕ್ಕಪ್ಪನ ಹೊಟ್ಟೇಲಿ. ಐವತ್ತೇಳು ಮುದ್ದೆಯಷ್ಟು ನಮ್ಮನೇಲಿ."

ನಾಗಶೆಟ್ಟಿಯ ಕೈ ಬಾಯಿ ಹತ್ತಿರ ನಿಂತುಬಿಟ್ಟಿತು. "ಮೇಷ್ಟ್ರೇ, ಕೊಂಬಿನ ಗೊಬ್ಬರ ತಿಂದ್ರೆ... ಏನಾಗುತ್ತೆ?"

"ಮನುಷ್ಯರ ಮೇಲೆ ಇನ್ನೂ ಯಾರೂ ನೋಡಿಲ್ಲ" ಅಂದರು ಮೇಷ್ಟ್ರು, ನೋಟ್‌ಬುಕ್ ತೆಗೆಯುತ್ತಾ.

ಮೂರು ದಿನ ನಾಗಶೆಟ್ಟಿ ಬೆಳಗ್ಗೆ ಎದ್ದ ಕೂಡಲೇ ತಲೆ ಸವರಿ ನೋಡಿಕೊಂಡ. ಏನೂ ಮೊಳೆತಿರಲಿಲ್ಲ. ಹಸಿವು ಮಾತ್ರ ಹೆಚ್ಚಾಗಿತ್ತು.

"ಬಾಯಿಗಲ್ವೋ, ಹೊಲಕ್ಕೆ!" ಅಂತ ರಾಚಮ್ಮ ಮಗನ ಮುಂದೆ ಎರಡೂ ಕೈ ಮುಗಿದಳು. "ಒಂದೇ ಹಿಡಿ ಉಳಿದಿರೋದು. ಇದು ಹೋದ್ರೆ ಹೊಲ ಹೋಯ್ತು. ನಾನು ಕೂಲಿಯೋಳು, ನೀನು ಕೂಲಿಯೋನು. ತಿರುವೋದು ನಾನೇ ತಿರುವ್ತೀನಿ. ನೀನು ಬೇವಿನ ಸೊಪ್ಪಲ್ಲಿ ಅದ್ದಿ ಹೊಲಕ್ಕೆ ಚಿಮುಕಿಸಿ ಬಾ, ಸಾಕು. ಬಾಯಿಗಲ್ಲ, ಹೊಲಕ್ಕೆ. ಹೇಳು ನೋಡೋಣ?"

"ಬಾಯಿಗಲ್ಲ, ಹೊಲಕ್ಕೆ."

ರಾಚಮ್ಮ ಒಂದು ಗಂಟೆ ತಿರುವಿದಳು. ರಟ್ಟೆ ಬಿದ್ದುಹೋಯಿತು. ಬಿಸಿಲು ಇಳಿದ ಮೇಲೆ ಮುದ್ದ ಎರಡು ಬಕೆಟ್ ಹೊತ್ತುಕೊಂಡು ಹೋದ. ಎರಡು ಖಾಲಿ ಬಕೆಟ್ ಹೊತ್ತುಕೊಂಡು ಬಂದ. ಬಾಯಿ ಮೂಸಿ ನೋಡಿದಳು. ವಾಸನೆ ಇಲ್ಲ.

"ಹೊಲಕ್ಕೇ ಹಾಕಿದೆಯಾ?"

"ಹೊಲಕ್ಕೇ ಹಾಕಿದೆ."

"ನನ್ನ ಬಂಗಾರ! ಎಲ್ಲಾ ಕಡೆ ಬಿತ್ತಾ?"

"ಬಿತ್ತು ಅವ್ವಾ. ಮೊದಲನೇ ಬಕೆಟ್ ಚಿಕ್ಕಪ್ಪನ ಹೊಲಕ್ಕೆ. ಆಮೇಲೆ ಎರಡನೇದು ನಮ್ಮದಕ್ಕೆ."

ರಾಚಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮೇಷ್ಟ್ರು ನೋಟ್‌ಬುಕ್ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

"ಪರೀಕ್ಷೆ ಹಾಳಾಯ್ತು! ಇನ್ನು ಯಾವ ಹೊಲ ಗೆದ್ರೂ ಕೊಂಬು ಗೆದ್ದಂಗೆ, ಯಾವ ಹೊಲ ಸೋತ್ರೂ ಕೊಂಬು ಸೋತಂಗೆ. ನಾನು ಏನಂತ ಬರ್ಕೊಳ್ಳಲಿ?"

ಮುದ್ದ ಅವರ ಮುಖ ನೋಡಿದ. "ಮೇಷ್ಟ್ರೇ, ಆ ಗೊಬ್ಬರ ಹೊಲಕ್ಕೆ ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇದೇ ಕಣಯ್ಯಾ!"

"ಮತ್ತೆ ಒಳ್ಳೇದು ಎರಡು ಹೊಲಕ್ಕೂ ಬಿದ್ರೆ ಅವ್ವ ಯಾಕೆ ಅಳ್ತಾಳೆ?"

ಮೇಷ್ಟ್ರು ನೋಟ್‌ಬುಕ್ ತೆರೆದು ಆ ಪ್ರಶ್ನೆಯನ್ನೇ ಬರೆದುಕೊಂಡರು.

"ಬಾಯಿಗೆ ಬೀಗ ಹಾಕ್ಕೊ!" ಅಂದಳು ರಾಚಮ್ಮ. "ನಾಗಶೆಟ್ಟಿಗೆ ಇದು ತಿಳೀಬಾರದು. ಏನು ಕಂಡ್ರೂ, ಏನು ಕೇಳಿದ್ರೂ, ಬಾಯಿ ಬಿಡಬೇಡ. ಬಿಟ್ರೆ ನೋಡು!"

"ಆಗಲಿ ಅವ್ವಾ, ಇನ್ಮೇ..." ಅಂದವನು ಅಲ್ಲಿಗೇ ಬೀಗ ಹಾಕಿದ.

ಇಬ್ಬರೂ ಒಂದೇ ದಿನ ಬಿತ್ತಿದರು. ಪೈರು ಮೊಣಕಾಲಿಗೆ ಬಂತು. ಒಂದು ಬೆಳಗ್ಗೆ ನಾಗಶೆಟ್ಟಿಯ ಎತ್ತುಗಳು ಹಗ್ಗ ಕಿತ್ತುಕೊಂಡು ಬದು ದಾಟಿ ರಾಚಮ್ಮನ ಹೊಲಕ್ಕೆ ನುಗ್ಗಿದವು. ಮುದ್ದ ಬದುವಿನ ಮೇಲೇ ಕೂತಿದ್ದ. ಕಂಡ. ಕೂಗಬೇಕು ಅನ್ನಿಸಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಎತ್ತು ಒಂದು ಸಾಲು ತಿಂದವು. ಮುದ್ದ ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡ. ಎರಡನೇ ಸಾಲು ತಿಂದವು. ಕಣ್ಣಲ್ಲಿ ನೀರು ಬಂತು, ಬಾಯಿಂದ ಸದ್ದು ಬರಲಿಲ್ಲ. ಬುತ್ತಿ ತಂದ ರಾಚಮ್ಮ ನೋಡುವ ಹೊತ್ತಿಗೆ ಹೊಲದ ಮೂಡಲ ಮೂಲೆ ಬೋಳು.

"ಕೂಗೋಕೆ ಏನಾಗಿತ್ತೋ ನಿಂಗೆ?"

ಮುದ್ದ ಬಾಯಿ ತೋರಿಸಿದ, ಬೀಗ ತಿರುವಿದಂತೆ ಕೈ ತಿರುವಿ ತೋರಿಸಿದ.

"ಅಯ್ಯೋ ನನ್ನ ಹಣೆಬರವೇ! ತೆಗಿ ಬೀಗ! ಇನ್ಮೇಲೆ ಹೊಲ ಕಾಯೋ ಅಟ್ಟಣೆ ಮೇಲೆ ನಿಂತ್ಕೊ. ನಾನು ಹೇಳಿಕೊಡೋ ಮಾತು ಕೂಗು. ಅದೊಂದೇ ಮಾತು. ಬೇರೆ ಮಾತು ಬೇಡ. ಕೆಲಸ ಮುಗಿಯೋ ತನಕ ನಿಲ್ಲಿಸಬೇಡ. ಹೋಯ್ ಅನ್ನು!"

"ಹೋಯ್!" ಅಂದ ಮುದ್ದ.

ಮುದ್ದ ಮಾಡಿದ. ಹೇಳಿದಂತೆಯೇ ಮಾಡಿದ. ಮೂಡಲಲ್ಲಿ ಸೂರ್ಯ ಕಂಡರೆ ಹೋಯ್, ಪಡುವಲಲ್ಲಿ ಇಳಿಯುವ ತನಕ ಹೋಯ್. ಎತ್ತು ಹತ್ತಿರ ಸುಳಿಯಲಿಲ್ಲ. ಹಂದಿ ಸುಳಿಯಲಿಲ್ಲ. ಗಿಣಿಗಳೆಲ್ಲ ಹೋಗಿ ನಾಗಶೆಟ್ಟಿ ಹೊಲದ ಆಚೆ ತುದಿಯಲ್ಲಿ ಕೂತವು. ಪೋಸ್ಟ್‌ಮ್ಯಾನ್ ಕೂಡ ಆ ದಾರಿ ಬಿಟ್ಟು ಕೆರೆ ಏರಿ ಸುತ್ತಿ ಬರತೊಡಗಿದ. ಹೊಲದಲ್ಲಿ ರಾಗಿ ತೆನೆ ಮುಷ್ಟಿ ಕಟ್ಟಿ ಬಾಗಿತು.

ರಾಚಮ್ಮ ತೆನೆ ಮುಟ್ಟಿದಳು, ಮಗನ ಗಲ್ಲ ಮುಟ್ಟಿದಳು. "ನನ್ನ ಬಂಗಾರ! ಹಂಗೇ! ಇದೇ ಬುದ್ಧಿ ಯಾವತ್ತೂ ಇರಲಿ!" ಆ ದಿನ ಅಕ್ಕಿ ಪಾಯಸ ಮಾಡಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮುದ್ದ ಸರಿ ಮಾಡಿದ್ದ. ಇದೇ ಬುದ್ಧಿ ಯಾವತ್ತೂ ಇರಲಿ ಅಂತ ಅವ್ವ ಹೇಳಿದ್ದಾಳೆ, ಇಟ್ಟುಕೊಂಡೇ ಬಿಡೋಣ ಅಂತ ಮನಸ್ಸಲ್ಲಿ ಗಂಟು ಹಾಕಿಕೊಂಡ.

ಕೊಯ್ಲಾಯಿತು. ಬಡಿದರು, ತೂರಿದರು. ಕಣದಲ್ಲಿ ಎರಡು ರಾಶಿ ಎದ್ದು ನಿಂತವು. ಎರಡರ ನೆತ್ತಿಯ ಮೇಲೂ ಗರಿಕೆ ಸಿಕ್ಕಿಸಿದ ಸಗಣಿ ಬೆನಕ. ಯಾವುದು ಎತ್ತರ? ನಾಗಶೆಟ್ಟಿ ಕಡೆ ನಿಂತವರಿಗೆ ನಾಗಶೆಟ್ಟಿದು ಎತ್ತರ, ರಾಚಮ್ಮನ ಕಡೆ ನಿಂತವರಿಗೆ ರಾಚಮ್ಮನದು ಎತ್ತರ. ಅಳೆದೇ ನೋಡಬೇಕು.

ಆ ಊರ ಕಣದಲ್ಲಿ ಪದ್ಧತಿ ಬಲು ಬಿಗಿ. ರಾಶಿ ಅಳೆಯೋನು ಆ ಮನೆ ಗಂಡಸೇ ಆಗಬೇಕು. ಅಳೆಯೋನು ಬಿಟ್ಟು ಬೇರೆ ಯಾರೂ ತುಟಿ ಬಿಚ್ಚಬಾರದು. ಮಾತು ಬಿದ್ದರೆ ಕಣದಲ್ಲಿರೋ ರಾಶಿಯೆಲ್ಲ ಇಳಿದುಹೋಗುತ್ತೆ. ಅಳೆದ ರಾಶಿಯನ್ನು ಎರಡನೇ ಸಲ ಅಳೆಯೋ ಹಾಗೇ ಇಲ್ಲ. ಮೊದಲನೇ ಕೊಳಗಕ್ಕೆ ಒಂದು ಅಂತ ಎಣಿಸೋ ಹಾಗಿಲ್ಲ, ಲಾಭ ಅನ್ನಬೇಕು. ಲಾಭ, ಎರಡು, ಮೂರು, ಹಿಂಗೆ.

ರಾಚಮ್ಮ ಎಂಟು ದಿನದಿಂದ ಹುಣಸೆಬೀಜ ಇಟ್ಟು ಮಗನಿಗೆ ನೂರರ ತನಕ ಎಣಿಸೋದು ಕಲಿಸಿದ್ದಳು. ತಪ್ಪಿಲ್ಲದೆ ಎಣಿಸುತ್ತಿದ್ದ. ಆ ಬೆಳಗ್ಗೆ ತಲೆಗೆ ಟವೆಲ್ ಸುತ್ತಿ ಕಿವಿಯಲ್ಲಿ ಹೇಳಿದಳು: "ಕಂದ, ಕಣದಲ್ಲಿ ಒಂದು ಅನ್ನಬೇಡ. ಲಾಭ ಅನ್ನು."

"ಲಾಭ?"

"ಹೂಂ, ಲಾಭ. ಎಲ್ಲರಿಗೂ ಕೇಳೋ ಹಂಗೆ ಹೇಳು."

ಮುದ್ದನಿಗೆ ಅಟ್ಟಣೆ ನೆನಪಾಯಿತು. ಅವ್ವ ಹೇಳಿಕೊಡೋ ಮಾತು. ಅದೊಂದೇ ಮಾತು. ಕೆಲಸ ಮುಗಿಯೋ ತನಕ ನಿಲ್ಲಿಸಬಾರದು. ಹುಣಸೆಬೀಜ ಎಲ್ಲ ಸುಳ್ಳೇ ಇರಬೇಕು.

ಮೊದಲು ನಾಗಶೆಟ್ಟಿ ಅಳೆದ. ಲಾಭ, ಎರಡು, ಮೂರು, ನಾಲ್ಕು... ಕೊನೆಗೆ ನಲವತ್ತೆರಡು. ಕೊಳಗ ಕೆಳಗಿಟ್ಟು, ಮಾತಾಡೋ ಹಾಗಿಲ್ಲವಲ್ಲ, ಮೀಸೆ ಮಾತ್ರ ತೀಡಿದ. ರಾಚಮ್ಮ ಸೆರಗು ಬಿಗಿ ಹಿಡಿದಳು. ನಲವತ್ತಮೂರು ಬಂದರೆ ಹೊಲ ಅವಳದು.

ಮುದ್ದ ಕೊಳಗ ತುಂಬಿದ. ಎತ್ತಿದ. ಸುರಿದ.

"ಲಾಭ!"

ಎಲ್ಲರೂ ತಲೆದೂಗಿದರು.

"ಲಾಭ!"

ಯಜಮಾನರು ಹುಬ್ಬು ಗಂಟಿಕ್ಕಿ ಎರಡು ಬೆರಳು ತೋರಿಸಿದರು. ಯಾಕೆ ತೋರಿಸುತ್ತಾರೆ? ಎಲೆ ಅಡಿಕೆಗೆ ಸುಣ್ಣ ಬೇಕಿರಬೇಕು ಅಂದುಕೊಂಡ ಮುದ್ದ. ಕೆಲಸ ಮುಗೀಲಿ, ಕೊಟ್ಟರಾಯಿತು.

"ಲಾಭ!"

ನಾಗಶೆಟ್ಟಿ ಮೂರು ಬೆರಳು ಎತ್ತಿ ಕುಣಿದ. ಬಾಯಿ ತೆರೆದ. ಯಜಮಾನರು ಅವನ ರಾಶಿ ಕಡೆ ಕೈ ತೋರಿಸಿದರು, ಮಾತಾಡಿದರೆ ನಿಂದೂ ಇಳಿಯುತ್ತೆ ಅನ್ನೋ ಹಾಗೆ. ನಾಗಶೆಟ್ಟಿ ಬಾಯಿ ಮುಚ್ಚಿದ.

"ಲಾಭ! ಲಾಭ! ಲಾಭ!"

ರಾಚಮ್ಮ ಸದ್ದಿಲ್ಲದೆ ಹಣೆ ಚಚ್ಚಿಕೊಂಡಳು. ಮುದ್ದ ಅದನ್ನು ಕಂಡು, ಸದ್ದು ಸಾಲದೇನೋ ಅಂತ ಇನ್ನೂ ಜೋರಾಗಿ ಕೂಗಿದ. "ಲಾಭ!" ಒಬ್ಬ ನಗು ತಡೆಯಲಾರದೆ ಟವೆಲ್ ಬಾಯಿಗೆ ತುರುಕಿಕೊಂಡು ಹುಲ್ಲಿನ ಮೆದೆ ಹಿಂದೆ ಓಡಿದ. ಇನ್ನೊಬ್ಬ ಅವನ ಹಿಂದೆ ಓಡಿದ. ಹಿಂಗೆ ಕೊಳಗದ ಮೇಲೆ ಕೊಳಗ, ಲಾಭದ ಮೇಲೆ ಲಾಭ. ರಾಶಿ ಕರಗಿತು. ಕೊನೆಯ ಕಾಳು ಗುಡಿಸಿ ಸುರಿದು, ಮುದ್ದ ಬೆವರು ಒರೆಸಿಕೊಂಡ.

"ಅವ್ವಾ, ಕೆಲಸ ಮುಗೀತು!"

ಕಟ್ಟೆ ಒಡೆದಂತೆ ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು.

"ನಾನು ಎಣಿಸಿದೆ, ಮೂವತ್ತೆಂಟು!" ಅಂದ ನಾಗಶೆಟ್ಟಿ.

"ಗೆರೆ ಹಾಕಿದ್ದೀನಿ, ನಲವತ್ತೇಳು!" ಅಂದರು ಮೇಷ್ಟ್ರು.

"ನಿಮ್ಮ ಗೆರೆಗೆ ಕೊಂಬು ಮೂಡಿದೆ ಮೇಷ್ಟ್ರೇ!"

"ನಿಮ್ಮ ಕಣ್ಣಿಗೆ ಚೀಲ ಕವಿದಿದೆ ಶೆಟ್ರೇ!"

"ಥೂ, ಸುಮ್ನಿರ್ರಪ್ಪ" ಅಂದರು ಯಜಮಾನರು. "ನಾನು ಹನ್ನೆರಡರ ತನಕ ಸರಿಯಾಗಿ ಎಣಿಸಿದ್ದೆ. ಆಮೇಲೆ ನಗು ಬಂತು. ರಾಚಮ್ಮ, ನೀನು?"

"ನಾನು ಕಣ್ಣು ಮುಚ್ಕೊಂಡಿದ್ದೆ ಬುದ್ಧಿ."

"ಮುದ್ದ, ನೀನೇ ಹೇಳೋ. ಒಟ್ಟು ಎಷ್ಟಾಯ್ತು?"

ಮುದ್ದ ಅವ್ವನ ಕಡೆ ನೋಡಿದ, ರಾಶಿ ಕಡೆ ನೋಡಿದ. "ಲಾಭ ಆಯ್ತು ಬುದ್ಧಿ" ಅಂದ.

ಯಜಮಾನರು ಎಲೆ ಅಡಿಕೆ ಉಗುಳಿ ಬಂದು ಹೇಳಿದರು. "ಅಳೆದ ರಾಶಿ ಮತ್ತೆ ಅಳೆಯೋ ಹಂಗಿಲ್ಲ. ಗೆದ್ದೋರು ಯಾರು ಅಂತ ಹೇಳೋಕೂ ಬರಲ್ಲ. ತೀರ್ಮಾನ ಆಗೋ ತನಕ ಆ ಹೊಲ ರಾಚಮ್ಮಂದೇ. ಬರೋ ವರ್ಷ ಮತ್ತೆ ಅಳೆಯಿರಿ."

"ಬರೋ ವರ್ಷ ಆ ರಾಶಿ ಅಳೆಯೋನು ಯಾರು ಬುದ್ಧಿ?" ಅಂದ ನಾಗಶೆಟ್ಟಿ.

"ಆ ಮನೆ ಗಂಡಸು."

ನಾಗಶೆಟ್ಟಿ ಮುದ್ದನನ್ನು ನೋಡಿದ. ಮುದ್ದ ನಕ್ಕ. ನಾಗಶೆಟ್ಟಿ ಟವೆಲ್ ಕೊಡವಿಕೊಂಡು, ಬದುವಿನ ಆಚೆ ಕಡೆಯಿಂದಲೇ ಮನೆಗೆ ಹೋದ.

ಹೊಲ ಉಳಿಯಿತು. ಆದರೂ ರಾಚಮ್ಮನ ಸಿಟ್ಟು ಆರಲಿಲ್ಲ. ಮಗನ ಕಿವಿ ಹಿಡಿದಳು. "ನಲವತ್ತಮೂರು ಬಂದಿದ್ರೆ ಇವತ್ತೇ ಗೆದ್ದುಬಿಡ್ತಿದ್ವಲ್ಲೋ! ಎಣಿಸೋಕೆ ಕಲಿಸಿರಲಿಲ್ವಾ? ಇನ್ಮೇಲೆ ರಾಗಿ ಅಂದ್ರೆ ಎಣಿಸು! ಒಂದೂ ಬಿಡದಂಗೆ ಎಣಿಸು!"

"ಆಗಲಿ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ನಾಗಶೆಟ್ಟಿಯ ಗೊಣಗಾಟ ಕೇಳಲಾರದೆ ಮೇಷ್ಟ್ರು ನೋಟ್‌ಬುಕ್ ಹಿಡಿದು ರಾಚಮ್ಮನ ಮನೆಗೆ ಬಂದರು. ಮನೆ ನಡುವೆ ರಾಗಿ ಗುಡ್ಡೆ. ಗುಡ್ಡೆ ಮುಂದೆ ಮುದ್ದ ಬೋರಲು ಮಲಗಿದ್ದ. ಒಂದು ಕಾಳನ್ನು ಬೆರಳಲ್ಲಿ ಎತ್ತಿ ಆ ಕಡೆ ಇಡುತ್ತಿದ್ದ, ಇನ್ನೊಂದು ಕಾಳು ಎತ್ತಿ ಆ ಕಡೆ ಇಡುತ್ತಿದ್ದ.

"ಎಷ್ಟಪ್ಪಾ ಆಯ್ತು?" ಅಂದರು ಮೇಷ್ಟ್ರು.

"ತೊಂಬತ್ತೊಂಬತ್ತು, ನೂರು" ಅಂದ ಮುದ್ದ. ನೂರರ ಮುಂದೆ ಅವನಿಗೆ ಬರುತ್ತಿರಲಿಲ್ಲ. ಆ ಕಡೆ ಇಟ್ಟ ಕಾಳುಗಳನ್ನೆಲ್ಲ ಬಳಿದು ಮತ್ತೆ ಗುಡ್ಡೆಗೆ ಹಾಕಿ, ಮೊದಲಿನಿಂದ ಶುರು ಮಾಡಿದ. "ಲಾಭ, ಎರಡು, ಮೂರು..."

ಅವನು ಮುಗಿಸಿದ ದಿನ ನನ್ನ ಒಗಟಿಗೆ ಉತ್ತರ.

ಇನ್ನೂ ಎದ್ದು ಹೋಗಿಲ್ವಾ? ಸರಿ, ನಿಜ ಹೇಳಿಬಿಡ್ತೀನಿ. ಈ ಕತೆ ನನಗೆ ಹೇಳಿದ್ದು ನಮ್ಮ ಸೋದರತ್ತೆ. ಕಣದಲ್ಲಿ ಮುದ್ದ ಲಾಭ ಲಾಭ ಅನ್ನೋವರೆಗೂ ಹೇಳಿ, ಹಾಲು ಕರೆಯೋಕೆ ಎದ್ದು ಹೋದಳು. ಹೊಲ ಏನಾಯ್ತು ಅತ್ತೆ ಅಂತ ಕೊಟ್ಟಿಗೆಗೆ ಹೋಗಿ ಕೇಳಿದೆ. "ಏನಾಗುತ್ತೆ, ನಾಗಶೆಟ್ಟೀನೇ ಆ ಹೊಲ ಉತ್ಕೊಂಡಿರ್ತಾನೆ" ಅಂದಳು. ನನಗೆ ಅದು ಹಿಡಿಸಲಿಲ್ಲ. ಅದಕ್ಕೇ ಯಜಮಾನರ ಬಾಯಿಗೆ ಆ ತೀರ್ಮಾನ ನಾನೇ ಹಾಕಿದೆ, ಮುದ್ದನನ್ನು ರಾಗಿ ಎಣಿಸೋಕೆ ನಾನೇ ಕೂರಿಸಿದೆ. ಅವನು ಎಣಿಸ್ತಿರೋವರೆಗೂ ಹೊಲ ರಾಚಮ್ಮಂದು. ನೀವು ಮಾತ್ರ ಅವನಿಗೆ ನೂರಾ ಒಂದು ಹೇಳಿಕೊಡಬೇಡಿ.